ಮೂರನೇ ಸಲ

ಸೆವ್ರಿನ್ ಬಾಯಿಯ ಜಗಲಿಗೆ ಬನ್ಸಿನ ತಟ್ಟೆ ಬರುವ ಮೊದಲೇ
ಅಮ್ಮನ ಕಣ್ಣು ಬರುತ್ತಿತ್ತು.
ಪಾಠ ದಾರಿಯಲ್ಲೇ ಆಗಿರುತ್ತಿತ್ತು,
ಜೆಪ್ಪುವಿನ ಹಂಚಿನ ಕಾರ್ಖಾನೆ ದಾಟುವಾಗ,
ಬೀಡಿಯ ಮೊರ ಸೊಂಟದಲ್ಲಿ, ನಾನು ಇನ್ನೊಂದು ಕೈಯಲ್ಲಿ:
ಒಂದು ಸಲ ಕೇಳಿದರೆ ಬೇಡ ಅನ್ನು.
ಎರಡನೇ ಸಲಕ್ಕೂ ಬೇಡವೇ.
ಮೂರನೆಯದಕ್ಕೆ ತಗೊ, ಒಂದೇ.
ಹಸಿದವರ ಹಾಗೆ ಕಾಣಬಾರದು.

ಹಸಿದಿದ್ದೆವು. ಅದು ಬೇರೆ ವಿಷಯ.

ತಮ್ಮ ಪುಷ್ಪರಾಜನ ಪಾಲಿಗೆ ಬಂದದ್ದು,
ಗಂಡು ಹುಡುಗ, ಅಳ್ತಾನಾ?
ಅಪ್ಪನನ್ನು ಬೋಳೂರಿಗೆ ಒಯ್ದ ದಿನ ಅವನು ಅಳಲಿಲ್ಲ.
ಸಂಜೆಯಿಡೀ ಕೂತು, ಕೆಡದೇ ಇದ್ದ ಫ್ಯಾನನ್ನು ಬಿಚ್ಚಿ
ರಿಪೇರಿ ಮಾಡಿದ.
ಅಂದಿನಿಂದ ಅದು ಕಿರ್ ಕಿರ್ ಅನ್ನುತ್ತದೆ.

ನನ್ನಿಂದ ಆ ಸದ್ದೂ ಇಲ್ಲ.
ಬ್ಯಾಂಕಿನಲ್ಲಿ, ರಜೆ ಬೇಕಾ ಸುಜಲಾ? ಬೇಡ ಸರ್.
ಮದುವೆಯ ಹೊಸತರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ
ದೋಣಿಗೆ ಕಾಯುತ್ತಾ ಇವರು
ಮಲ್ಲಿಗೆ ತರಲಾ ಅಂದರು. ಬೇಡ ಅಂದೆ.
ದೋಣಿ ತಣ್ಣೀರುಬಾವಿ ಮುಟ್ಟುವವರೆಗೂ ಕಾದೆ
ಎರಡನೇ ಸಲಕ್ಕೆ, ಮೂರನೇ ಸಲಕ್ಕೆ.
ಒಳ್ಳೆಯವರು. ಬೇಡ ಅಂದರೆ ಬೇಡ ಎಂದೇ ಅರ್ಥವಿದ್ದ
ಮನೆಯಲ್ಲಿ ಬೆಳೆದವರು.
ನಾನು ನೀರು ನೋಡುತ್ತಾ ಮುನಿಸಿಕೊಂಡೆ.
ಯಾಕೆಂದು ಅವರಿಗೆ ಗೊತ್ತಾಗಲಿಲ್ಲ,
ಹನ್ನೊಂದು ವರ್ಷ ನನಗೂ.

ಮೊನ್ನೆ ಭಾನುವಾರ ಮಗಳನ್ನು ಕರೆದುಕೊಂಡು ಹೋದೆ.
ಅದೇ ಜಗಲಿ, ಹಂಚು ಹೋಗಿ ಶೀಟು ಬಂದಿದೆ.
ತಟ್ಟೆ ಇಡುವಷ್ಟರಲ್ಲಿ ಎರಡು ಎತ್ತಿಕೊಂಡು
ಬಾಯಿ ತುಂಬಿಕೊಂಡೇ ಕೇಳಿದಳು, "ಇನ್ನೂ ಉಂಟಾ?"
ನನ್ನ ಹುಬ್ಬು ತನ್ನಿಂದ ತಾನೇ ಏರಿತು.
ಎದುರಿನ ಗಾಜಿನ ಕಪಾಟಿನಲ್ಲಿ
ಮರಿಯಮ್ಮನ ಮೂರ್ತಿಯ ಪಕ್ಕ
ಅಮ್ಮನ ಕಣ್ಣು.
ಮಗಳು ಅಗಿಯುವುದನ್ನು ನಿಲ್ಲಿಸಿದಳು.

ಇಷ್ಟು ಸಾಕಾ? ಮಾತೂ ಬೇಡ,
ಒಂದು ಹುಬ್ಬು?

ತಿನ್ನು, ಅಂದೆ. ಇನ್ನೂ ಉಂಟು, ತಿನ್ನು.
ಅವಳು ನನ್ನ ಮುಖ ನೋಡುತ್ತಾ
ನಿಧಾನಕ್ಕೆ ನುಂಗಿದಳು, ಪರೀಕ್ಷೆ ಮಾಡುವವಳ ಹಾಗೆ.

ಸೆವ್ರಿನ್ ಬಾಯಿ ತಟ್ಟೆಯನ್ನು ನನ್ನ ಕಡೆ ತಿರುಗಿಸಿ
"ನೀನು?" ಅಂದಳು.
"ಬೇಡ ಬಾಯಮ್ಮ." ಬಂದೇ ಬಂತು.

ಎಂಬತ್ತೆರಡು ಅವಳಿಗೆ, ಎರಡೂ ಕಿವಿ ಮಂದ.
ನನ್ನ ಅಂಗೈ ಹಿಡಿದು ಬಿಡಿಸಿ
ಇಟ್ಟಳು, ಬಿಸಿಬಿಸಿ,
ಒಂದರ ಮೇಲೊಂದು.