ಮನಿ ಮಾತು

ಎಂಟನೇತ್ತಕ್ಕ ಗದಗಿನ ಸಾಲಿ ಅಂತಾದ ಮ್ಯಾಲೆ
ಬೆಟಗೇರಿಯಿಂದ ದಿನಾ ಬಸ್ಸು.
ಫೋನ್ ನಂಬರ ಬಾಯಿಪಾಠ ಮಾಡಿಸಿದೆ,
ಮುಂದಿಂದ ಒಮ್ಮೆ, ಹಿಂದಿಂದ ಒಮ್ಮೆ.
ಎರಡು ಆಯಿತವಾರ ಅಕಿ ಮುಂದ, ನಾ ಮೂರು ಸೀಟು ಹಿಂದ,
ಗುರ್ತಿಲ್ಲದವರಂಗ ಕುಂತು ಹೋಗಿ ಬಂದ್ವಿ.
ಇಳಿಯೂ ಜಾಗಾ ತಪ್ಪಿಸಿಕೊಂಡಾಕಿ ನಾನ,
ಬಾಜೂ ಕುಂತಾಕಿ ಕೂಡ ಮಾತಿಗೆ ಬಿದ್ದು.

ಮೈಗೆ ಕೈ ಬಂದ್ರ ಚೀರು ಅಂದೆ.
ಹೆಂಗ ಚೀರೂದು, ತೋರ್ಸು ಅಂದ್ಲು ಬನಶ್ರೀ.
ಬಾಯಿ ತಗದೆ. ದನಿ ಬರಲಿಲ್ಲ.
ಆ ವಯಸ್ಸಿಗೆ ನನಗ ಕಲಿಸಿದ್ದು
ತಲಿ ತಗ್ಗಿಸಿ ಲಗೂ ಲಗೂ ನಡಿಯೂದು.
ಆಮ್ಯಾಲೆ ಇಬ್ಬರೂ ಕೂಡಿ ಚೀರಿದ್ವಿ,
ಓಣ್ಯಾಗಿನ ಮಗ್ಗ ಎಲ್ಲಾ ನಡಿಯೂ ಹೊತ್ತು ನೋಡಿ.

ಮತ್ತ ಒಂದು ಮಾತು ಬೇಕಾಗಿತ್ತು,
ನಿಮ್ಮವ್ವ ಕಳಿಸ್ಯಾಳ ಅಂತ ಯಾರರೆ ಬಂದ್ರ ಕೇಳಾಕ.
ಲಾಳಿ ಅಂತ ಇಡೂಣು ಅಂದೆ.
ಬೆಟಗೇರ್ಯಾಗ ಲಾಳಿ ಯಾರ ಬಾಯಾಗಿಲ್ಲಬೇ?
ಕಡೀಕ ಅಕಿನ ಆರಿಸಿದ್ಲು: ಕರಕ ಹೋಳಿಗಿ.
ಯುಗಾದಿಗೆ ನಾ ಹೊತ್ತಿಸಿದ್ದು,
ಹೊರಗ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದು.

ಶ್ರಾವಣದಾಗ ಅತ್ತಿ ಬಚ್ಚಲದಾಗ ಜಾರಿ ಬಿದ್ರು.
ದವಾಖಾನಿಗೆ ಓಡೂ ಗಡಬಡ್ಯಾಗ
ಸಾಲಿಗೆ ಗೂಳಪ್ಪ ಕಾಕಾನ್ನ ಕಳಿಸಿದೆ.
ಮಾತು ಕೊಡಲಿಲ್ಲ.

ಮಗ್ಗಲ ಮನಿ ಕಾಕಾ,
ಕೂಸಿದ್ದಾಗ ಅಕಿನ್ನ ಹೆಗಲ ಮ್ಯಾಲೆ ಹೊತ್ತು ತಿರಿಗ್ಯಾರ.
ಗೇಟಿನ್ಯಾಗ ಕೇಳ್ಯಾಳ: ಮಾತು ಹೇಳ್ರಿ ಕಾಕಾ.
ಯಾವ ಮಾತವಾ?
ಅಷ್ಟ. ಹೊಳ್ಳಿ ಒಳಗ ಹೋಗ್ಯಾಳ.
ಹೆಡ್‌ಮೇಡಂ ಖೋಲಿಯಿಂದ ಹನ್ನೊಂದು ಸಲ ಫೋನು;
ನಂದು ಚೀಲದಾಗ, ಡಬ್ಬಿ ಬುಡಕ, ಎಕ್ಸ್-ರೇ ಖೋಲಿ ಮುಂದ.
ಒಂದೂವರಿ ತಾಸು ಅಕಿ ಒಳಗ, ಕಾಕಾ ಹೊರಗ.
ಬಿಟ್ಟೂ ಹೋಗಲಿಲ್ಲ ಪುಣ್ಯಾತ್ಮ.

ರಾತ್ರಿ ಚಾ ಮುಟ್ಟಲಿಲ್ಲ.
ನಾ ಏನ್ ಕಳ್ಳೇನು? ಅಂದ್ರು.
ಹಿರೇರಿಗೆ ಇಲ್ಲ ಅನಬಾರದು ಅಂತ
ಹತ್ತು ವರ್ಷ ಕಲಿಸಿದಾಕಿನೂ ನಾನ.
ತಪ್ಪಾತು ಅನ್ನು ಅಂತ ಅಕಿ ಕಡೆ ನೋಡಿದೆ.
ಅನ್ನಲಿಲ್ಲ.
ಆರಿದ ಚಾ ಒಯ್ದು ಬಿಸಿ ಮಾಡಿ ತಂದಿಟ್ಲು.

ಏನ್ ಮಾತಿತ್ತದು, ಹೇಳರೆ ಹೇಳು ಅಂದ್ರು.
ಹೇಳಿದೆ.
ಆ ಹೋಳಿಗಿ? ನಿಮ್ಮತ್ತಿ ಕದ್ದು ಕೊಟ್ಟಿದ್ಲು,
ಎರಡು ತಿಂದೀನಲ್ಲವಾ!

ಹಂಗಾರ ಅದು ಮುಗೀತು.
ದೀಪ ಆರಿಸಿದ ಮ್ಯಾಲೆ ಬನಶ್ರೀ ಕಿವಿಗೆ ಬಂದು
ಹೊಸಾದು ಹೇಳಿದ್ಲು, ನೀ ಮರೀಬ್ಯಾಡ ಮತ್ತ ಅಂದ್ಲು.
ಮುಂಜಾನಿಂದ ಮಗ್ಗದಾಗ ಕುಂತು ಅದನ್ನ ಅಂತೇನಿ,
ಲಾಳಿ ಬಲಕ್ಕ ಹೋದಾಗ ಅರ್ಧ,
ಎಡಕ್ಕ ಬಂದಾಗ ಅರ್ಧ,
ತುಟಿ ಅಲಗಸದಂಗ.