ಸುಣ್ಣದ ಗೆರೆ

ಜನವರಿಯ ಆ ನಡುರಾತ್ರಿ ಚಂದ್ರ ಕೆಂಪಾದಾಗ
ನಾನು ಆಡಿನ ಹಾಲು ಒಡೆಸಿ ಚೀಸಿಗೆ ಬಟ್ಟೆ ಕಟ್ಟುತ್ತಿದ್ದೆ.
ಚಿಲಿಯ ಈ ಒಣಬೆಟ್ಟಗಳಲ್ಲಿ ಬೇಸಿಗೆಯ ಕೆಲಸವೆಲ್ಲ ರಾತ್ರಿಗೇ.
ಅವಸರವಿರಲಿಲ್ಲ. ಒಳಗೆ ಹೋದೆ, ಕೈ ತೊಳೆದೆ,
ನಾಯಿಗೆ ಬೈದು ಬಂದೆ. ಇನ್ನೂ ಹಾಗೇ ಇತ್ತು,
ಬೂದಿ ಮುಚ್ಚಿದ ಕೆಂಡ.

ಹಳ್ಳದಾಚೆ ನೆಮೆಸಿಯೊ ಮನೆಯಲ್ಲೂ ದೀಪ ಆರಿತ್ತು.
ಅಣ್ಣನೂ ನೋಡುತ್ತಿದ್ದಾನೆ ಎಂದುಕೊಂಡೆ.
ನೀರಿನ ಪಂಪಿಗಾಗಿ ಮಾತು ಬಿಟ್ಟು ಮೂರು ವರ್ಷ;
ಅಷ್ಟರಲ್ಲಿ ನಾವು ಹಂಚಿಕೊಂಡಿದ್ದು ಅದೊಂದೇ,
ಹುಣ್ಣಿಮೆಯ ಮೇಲೆ ಬಿದ್ದ ನೆರಳು.
ನಮ್ಮದೇ ನೆರಳಂತೆ ಅದು:
ಈ ಬೆಟ್ಟ, ಈ ಆಡು, ಪಂಪು, ಜಗಳ
ಎಲ್ಲವನ್ನೂ ಹೊತ್ತ ಭೂಮಿಯದು.
ಇರುಳಿದ್ದ ಕಡೆಯೆಲ್ಲ ಕಾಣುತ್ತದೆ,
ಯಾರೂ ಯಾರನ್ನೂ ಕರೆಯಬೇಕಿಲ್ಲ.

ಜುಲೈದು ಬೇರೆ.
ವೀಕ್ಷಣಾಲಯದ ಹುಡುಗಿ ರೊಸೆಂಡಾ ಜೀಪಿನಲ್ಲಿ ಬಂದು
ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದಳು.
"ಆಚೆ ಪೂರ್ತಿ ಕತ್ತಲು, ದೋನ್ಯಾ ಎದುವೀನಾ. ಈಚೆ ಇಲ್ಲ.
ಈ ಸಲ ಚಂದ್ರನ ನೆರಳು. ಪುಟ್ಟದು. ಓಡುತ್ತದೆ."
ಆಚೆ ಅಣ್ಣನ ಮನೆ. ಈಚೆ ನನ್ನದು.
ನನ್ನ ಅಂಗಳದಲ್ಲಿ ಸೂರ್ಯ ಮುಚ್ಚುವುದು
ನೂರಕ್ಕೆ ತೊಂಬತ್ತೊಂಬತ್ತೂ ಮುಕ್ಕಾಲು.
"ಸಾಲದೇನು?" ಅಂದೆ.
"ಉಳಿದ ಕಾಲು ಪಾಲೂ ಹಗಲೇ," ಅಂದಳು,
ಕೈಯ ಸುಣ್ಣ ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ಅವತ್ತು ನಾಲ್ಕೂವರೆಗೆ ಬೆಳಕು ತವರದ ಬಣ್ಣಕ್ಕೆ ತಿರುಗಿತು.
ಮರದಡಿ ನೆಲದ ತುಂಬ ಪುಟ್ಟ ಪುಟ್ಟ ಕುಡುಗೋಲು,
ಎಲೆಸಂದಿಗೊಂದೊಂದು ಸವೆದ ಸೂರ್ಯ.
ಚಳಿ ಮೊಣಕಾಲು ಹತ್ತಿತು.
ಸಂಜೆಯಾಯಿತೆಂದು ಆಡುಗಳು ಮನೆಗೆ ಹೊರಟವು.
ನನ್ನ ಮನೆಗಲ್ಲ,
ಅಪ್ಪ ಕಟ್ಟಿದ್ದ ಹಳೆಯ ದೊಡ್ಡಿಗೆ,
ಪಾಲಾದಾಗ ನೆಮೆಸಿಯೊಗೆ ಹೋದದ್ದಕ್ಕೆ.
ಮುದಿ ಆಡೊಂದು ಮುಂದೆ, ಉಳಿದವು ಹಿಂದೆ.
ಆಡು ಹಿಡಿಯಲು ಓಡಿದೆ.
ಊರಿಗೂ ಅಷ್ಟೇ ಹೇಳಿದ್ದೇನೆ.

ಗೆರೆ ದಾಟಿ, ದೊಡ್ಡಿಯ ಬಾಗಿಲಿಗೆ ಬಂದಾಗ
ಯಾರೋ ಮುಚ್ಚಳ ಹಾಕಿದಂತಾಯಿತು.
ಮೇಲೆ ಕರಿಯ ತೂತು, ಸುತ್ತ ಬಿಳಿಯ ಕೂದಲು,
ಬೆಟ್ಟದಂಚಿಗೆಲ್ಲ ಮುಸ್ಸಂಜೆ.
ಇಪ್ಪತ್ತು ಸೆಕೆಂಡು.
ಕೈ ತೊಳೆದು ಬರುವಷ್ಟು ಹೊತ್ತಿಲ್ಲ,
ಬೈಯಲೂ ಇಲ್ಲ.

ಆಮೇಲೆ ಒಂದು ಹನಿ ಬೆಳಕು. ಕೋಳಿ ಕೂಗಿತು.
ರಟ್ಟಿನ ಕನ್ನಡಕ ಕೈಯಲ್ಲಿ ಹಿಡಿದು
ಅಣ್ಣ ಬಾಗಿಲಲ್ಲೇ ನಿಂತಿದ್ದ.
"ಬಿಳಿಯದು ಕುಂಟುತ್ತಿದೆ," ಅಂದ.
"ಹೂಂ. ಮುಂಗಾಲು," ಅಂದೆ.

ಅದಕ್ಕೆ ಅವನು ಮುಲಾಮು ಹುಡುಕಿ ತರುವಷ್ಟರಲ್ಲಿ
ಪೂರ್ತಿ ಬಿಸಿಲು.
ರಸ್ತೆಯಲ್ಲಿ ಗೆರೆ ಉಳಿದಿರಲಿಲ್ಲ,
ಗೊರಸಿಗಂಟಿದ ಸುಣ್ಣ
ದೊಡ್ಡಿಯ ತನಕ ಚುಕ್ಕಿ ಚುಕ್ಕಿಯಾಗಿ ಬಂದಿತ್ತು.