ಹಿಂಜುವುದು

ಗಂಟಿಲ್ಲದೆ ಹಿಂಜಲಾಗದು.
ಅದಕ್ಕೇ ಮೊದಲು ಒಂದು ಗಂಟು ಹುಡುಕಿಕೊಳ್ಳುತ್ತೇನೆ.

ಬೆಟಗೇರಿಯ ಓಣಿಯಲ್ಲಿ ಅಪ್ಪ
ಯಾರದೋ ಹಳೆ ಗಾದಿಯ ಹೊಟ್ಟೆ ಬಿಚ್ಚಿ
ಕಲ್ಲಾದ ಅರಳೆಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದ:
"ಇದು ಜ್ವರದ್ದು. ಇದು ಕೂಸಿಂದು.
ಇದರ ಮ್ಯಾಲೆ ಯಾರೋ ಬಾಳ ದಿನ ನಿದ್ದಿ ಮಾಡಿಲ್ಲ ನೋಡು."
ಎಂಟು ವರ್ಷದ ನನಗೆ ಕಂಡದ್ದು ಬರೀ ಬೂದುಬಣ್ಣ,
ಅಂಚಿನಲ್ಲಿ ಚಹಾ ಬಿದ್ದಂಥ ಹಳದಿ.
ಆಮೇಲೆ ಕಮಾನು. ಕೊಡತಿ ತಂತಿಗೆ ಬಡಿದರೆ
ಟಂಯ್ ಎಂದು ಓಣಿಯೆಲ್ಲ ಎದ್ದು ಕೂರುತ್ತಿತ್ತು.
ಜ್ವರ ಹಾರುತ್ತಿತ್ತು, ಕೂಸು ಹಾರುತ್ತಿತ್ತು,
ನಿದ್ದೆಗೆಟ್ಟವನೊಬ್ಬ ಅಪ್ಪನ ಹುಬ್ಬಿನ ಮೇಲೆ ಕೂತು
ಸಂಜೆಯವರೆಗೂ ಇಳಿಯುತ್ತಿರಲಿಲ್ಲ.

ಈ ಸಲದ ಗಂಟು: ರೈಲುಹಳಿಯ ಆಚೆ
ಮುಚ್ಚಿದ ಜಿನ್ನಿಂಗ್ ಫ್ಯಾಕ್ಟರಿಯ ಕೆಂಪು ಬಾಗಿಲು.
ಮೊದಲು ಇದ್ದದ್ದು ಇದ್ದಂಗೆ ಬರೆದೆ.
ಹದಿನೇಳು ಮೊಳೆ, ಕೀಲಿ, ಕೀಲಿಯ ತುಕ್ಕು,
ಅರ್ಧ ಹರಿದ ನೋಟೀಸು,
ಯಾರೋ ಸೀಮೆಸುಣ್ಣದಲ್ಲಿ ಗೀಚಿದ ಲೆಕ್ಕ,
ಆ ಲೆಕ್ಕದಲ್ಲೊಂದು ತಪ್ಪು.
ನೋಡಿದವರು ಜೇಬಿನಲ್ಲಿ ಕೀಲಿಕೈ ಹುಡುಕಬೇಕು, ಹಾಗೆ ಬರೆದೆ.
ಮೂರು ದಿನ ಅದರೆದುರೇ ಉಂಡೆ.

ನಾಲ್ಕನೆಯ ದಿನ ಅರಿವೆ, ಚೂರಿ,
ಗೋಡೆಗೆ ಸುಣ್ಣ ಹೊಡೆಯುವ ಅಗಲ ಕುಂಚ.
ಮೊದಲು ಲೆಕ್ಕ ಅಳಿಸಿದೆ. ನೋಟೀಸು ತಾನೇ ಉದುರಿತು.
ಮೊಳೆಗಳು ಒಂದೊಂದಾಗಿ ಬಣ್ಣದೊಳಗೆ ಮುಳುಗಿದವು.
ಕೀಲಿ ಹಟಮಾರಿ, ಎರಡು ರಾತ್ರಿ ತಿಂದಿತು.
ಕೊನೆಗೆ ಬಾಗಿಲನ್ನೇ ತೆಗೆದೆ.
ತೆಗೆದರೂ ತೆರೆಯಲಿಲ್ಲ.
ಬಾಗಿಲು ಹೋದ ಮೇಲೂ ಮುಚ್ಚಿಯೇ ಇತ್ತು ಕೆಂಪು.
ಇದಕ್ಕೇ ಕಾದಿದ್ದೆ.

ಬಾಡಿಗೆ ಕೇಳಲು ಬಂದ ಕಳಕಪ್ಪಣ್ಣ ಹೊಸ್ತಿಲಲ್ಲೇ ನಿಂತ.
"ಏನವಾ ದಾವಲಸಾಬನ ಮಗಳ, ಮೆಣಸಿನಕಾಯಿ ಒಣಾ ಹಾಕೀ ಏನ?"
ಹೂಂ ಅಂದೆ. ಚಪ್ಪಲಿ ಕಳಚಿದ.
ತಲೆ ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ.
ಫ್ಯಾನಿನ ಗಾಳಿಗೆ ಅವನ ವಹಿಯ ಹಾಳೆಗಳು ತಾವೇ ತಿರುವಿಕೊಂಡವು.
"ಮೆಣಸಿನಕಾಯಿ ಅಲ್ಲ ಬಿಡು" ಎಂದು ಹೊರಟೇಬಿಟ್ಟ.
ಬಾಡಿಗೆ ಮರೆತಿದ್ದ. ಮರುದಿನ ನೆನಪಾಗಿ ಬಂದ,
ಒಳಗೆ ಕಾಲಿಡದೆ ಹೊರಗಿಂದಲೇ ಇಸಕೊಂಡ.

ಎಲ್ಲ ಸಲ ಹೀಗಾಗುವುದಿಲ್ಲ.
ಹೆಚ್ಚು ಹಿಂಜಿದರೆ ನಾರು ಸಾಯುತ್ತದೆ,
ಅರಳೆ ಹೊಗೆಯಾಗಿ ಹಾರಿ ಗಾದಿಗೆ ಏನೂ ಉಳಿಯುವುದಿಲ್ಲ.
ಹಾಗೆ ಕೊಂದ ಏಳು ಕ್ಯಾನ್ವಾಸು ಗೋಡೆಗೆ ಮುಖ ಮಾಡಿ ನಿಂತಿವೆ,
ಎಂಟನೆಯದು ನೀರಿನ ಡ್ರಮ್ಮಿನ ಮುಚ್ಚಳ.
ಅದರಲ್ಲಿ ಅವ್ವನ ಸೀರೆಯ ಅಂಚು ಇತ್ತು.
ಎಷ್ಟು ಹಿಂಜಿದೆನೆಂದರೆ ಅವ್ವನೇ ಹೋದಳು.
ನಿಲ್ಲಿಸುವ ಹೊತ್ತನ್ನು ಅಪ್ಪನಿಗೆ ತಂತಿಯೇ ಹೇಳುತ್ತಿತ್ತು,
ಟಂಯ್ ಹೋಗಿ ಹೂಂ ಆಗುವಾಗ.
ನನಗೆ ತಂತಿಯಿಲ್ಲ. ಮೊಣಕೈ ಒಂಥರಾ ಜೋಮು ಹಿಡಿಯುತ್ತದೆ,
ಅದನ್ನೇ ನಂಬುತ್ತೇನೆ. ಅರ್ಧ ಸಲ ಅದು ಸುಳ್ಳು.

ನಿನ್ನೆ ಅಪ್ಪ ಬಂದಿದ್ದ. ಈಗ ಅವನ ಕೆಲಸವನ್ನು
ಟಂಟಂ ಮೇಲೆ ಕೂರಿಸಿದ ಮಷೀನು ಮಾಡುತ್ತದೆ,
ಮೈಕಿನಲ್ಲಿ ಕೂಗುತ್ತ ಓಣಿ ತಿರುಗುತ್ತದೆ.
ಸ್ಟೂಲಿನ ಮೇಲೆ ಕೂತ. ಕಣ್ಣಿಗಿಂತ ಮೊದಲು ಕೈ ಹೋಯಿತು.
ಹೊಲಿಗೆ ಹಾಕುವ ಮುಂಚೆ ಗಾದಿ ಸವರುವಂತೆ
ಅಂಗೈ ಚಪ್ಪಟೆ ಮಾಡಿ ಮೇಲಿಂದ ಕೆಳಗೆ ಸವರಿದ.
ಎಡಗಡೆ ಮೂಲೆಯಲ್ಲಿ ಕೈ ನಿಂತಿತು.
"ಇಲ್ಲೊಂದು ಗಂಟು ಉಳದೈತಿ."
"ಗೊತ್ತೈತಿ."
"ಮಲಗಿದವ್ರ ಬೆನ್ನಿಗೆ ಚುಚ್ಚತೈತಿ."
"ಚುಚ್ಚಲಿ ಅಂತನ ಬಿಟ್ಟೇನಿ."

ಹೆಬ್ಬೆರಳಿಗೆ ಕೆಂಪು ಹತ್ತಿತ್ತು.
ಒರೆಸಿಕೊಳ್ಳದೆ ಚಹಾ ಕೇಳಿದ.